ಪಾಳು ಮಠದ ಹಿಂದೆ ಕಟ್ಟಿದ ಮನೆ

ಐರ್ಲೆಂಡಿನಿಂದ ವಾಪಸು ಬಂದ ಮೇಲೆ ದಾವಣಗೆರೆ ನಿಟ್ಟುವಳ್ಳಿಯ ನಮ್ಮ ರಸ್ತೆಯಲ್ಲಿ ಸಿಕ್ಕವರೆಲ್ಲ, "ಹೆಂಗಿತ್ರಿ ಫಾರಿನ್ನು?" ಎಂದು ಕೇಳಿದರು. ಹಸಿರು ಅಂದೆ, ಮಳೆ ಅಂದೆ, ಕುರಿ ಅಂದೆ, ಜನ ಬಹಳ ಒಳ್ಳೆಯವರು ಅಂದೆ. ಎಲ್ಲವೂ ನಿಜವೇ. ಒಂದು ಭಾನುವಾರದ ಸುದ್ದಿ ಹತ್ತಿರ ಬಂದಾಗ ಮಾತ್ರ ಮಾತು ಮರೆಸಿ, "ಚಾ ಕುಡೀತೀರೇನ್ರಿ?" ಎಂದು ಕೇಳುತ್ತಿದ್ದೆ. ಆ ಭಾನುವಾರ ನಾನು ಒಂದು ಪಾಳು ಮಠ ನೋಡಲು ಹೋಗಿದ್ದೆ. ಮಳೆ, ಗಾಳಿ, ದನ, ಕುರಿ ಯಾವುದೂ ಇಷ್ಟು ವರ್ಷ ಕೆಡಿಸದೆ ಬಿಟ್ಟಿದ್ದ ಒಂದನ್ನು ಅರ್ಧ ಗಂಟೆಯೊಳಗೆ ಕೆಡಿಸಿ ಬಂದೆ.

ಆ ಊರಿನ ಹೆಸರು, ಮಠದ ಹೆಸರು ಬರೆಯುವುದಿಲ್ಲ. ಇದನ್ನು ಓದಿದ ಯಾರಾದರೂ ಮುಂದೆ ಅಲ್ಲಿಗೆ ಹೋಗಿ, ದಾವಣಗೆರೆಯಿಂದ ಬಂದಿದ್ದೇವೆ ಎಂದಾಗ ಅಲ್ಲಿಯವರಿಗೆ ನನ್ನ ಮುಖ ನೆನಪಾಗುವುದು ಬೇಡ.

ಹೊರಡುವ ಮುಂಚೆ

ನಾನು ಸಿವಿಲ್ ಕಂಟ್ರಾಕ್ಟರ್. ಆನಗೋಡಿನಿಂದ ಹರಿಹರದವರೆಗೆ ನಾನು ಕಟ್ಟಿಸಿದ ಮನೆಗಳಿವೆ. ಕಾರಿನಲ್ಲಿ ಯಾರನ್ನಾದರೂ ಕೂರಿಸಿಕೊಂಡು ಹೋದರೆ ಎಡಕ್ಕೂ ಬಲಕ್ಕೂ ಕೈ ತೋರಿಸುತ್ತ, "ಇದು ನಮ್ದು, ಅದೂ ನಮ್ದು" ಎನ್ನುವ ಚಾಳಿ ನನಗಿದೆ. ಅವುಗಳಲ್ಲಿ ಒಂದೂ ನಮ್ಮದಲ್ಲ. ಮದುವೆಯಾದಾಗಿನಿಂದ ನಾವಿರುವುದು ಬಾಡಿಗೆ ಮನೆಯಲ್ಲಿ. ನನ್ನ ಹೆಂಡತಿ ಮಂಗಳ ಭಾನುವಳ್ಳಿಯವಳು, ತಲೆಬಾಗಿಲು ದೊಡ್ಡದಾಗಿದ್ದ ಸ್ವಂತ ಮನೆಯಿಂದ ಬಂದವಳು. "ಊರ ಮಂದಿಗೆಲ್ಲ ಮನಿ ಕಟ್ಟಿಸಿಕೊಟ್ರು, ನಮ್ದು ಮಾತ್ರ ಇನ್ನೂ ಪ್ಲಾನ್‌ನಾಗೇ ಐತೆ" ಎಂದು ನೆಂಟರೆದುರು ನಗುತ್ತಲೇ ಚುಚ್ಚುತ್ತಾಳೆ. ನಗುತ್ತಲೇ ಹೇಳುವುದರಿಂದ ನಾನೂ ನಗುತ್ತಲೇ ಕಾಲ ತಳ್ಳಿದ್ದೇನೆ.

ಮಂಗಳನ ತಂಗಿ ಸುಧಾ ನರ್ಸು. ಐರ್ಲೆಂಡಿನ ಪಶ್ಚಿಮ ಭಾಗದ ಒಂದು ಸಣ್ಣ ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಆಶ್ರಮದಲ್ಲಿ ಕೆಲಸ ಮಾಡುತ್ತಾಳೆ. "ರಜೆ ಐತೆ, ಬರ್ರಿ ಭಾವ, ಅಕ್ಕನ್ನ ಕರಕೊಂಡು ಬರ್ರಿ" ಎಂದು ವರ್ಷಗಟ್ಟಲೆ ಕರೆದು, ಕೊನೆಗೆ ತಾನೇ ವೀಸಾ ಕಾಗದಗಳನ್ನು ತಯಾರು ಮಾಡಿಸಿದಳು. ಮಂಗಳ ತಂಗಿಗೆಂದು ಒಂದು ಸೂಟ್‌ಕೇಸ್ ತುಂಬ ಮಂಡಕ್ಕಿ ತುಂಬಿದಳು. ಡಬ್ಲಿನ್ನಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಅದನ್ನು ತೆಗೆಸಿದ. ಒಡೆಯುವ ಸಾಮಾನಿನ ಸುತ್ತ ತುಂಬುವ ವಸ್ತು ಇದು ಎಂದು ತಿಳಿದನೋ ಏನೋ, ಮೊಣಕೈವರೆಗೆ ಕೈ ಹಾಕಿ ಒಳಗಿನ ಸಾಮಾನು ಹುಡುಕತೊಡಗಿದ. ಏನೂ ಸಿಗದೆ ನಮ್ಮ ಮುಖ ನೋಡಿದ. ಮಂಗಳ ಒಂದು ಹಿಡಿ ತೆಗೆದು ತಾನು ಬಾಯಿಗೆ ಹಾಕಿಕೊಂಡು, ಅವನಿಗೂ ಒಂದು ಹಿಡಿ ಕೊಟ್ಟಳು. ಆತ ತಿಂದ, ತಲೆಯಾಡಿಸಿದ, ಬಿಟ್ಟ. ಆ ದೇಶದಲ್ಲಿ ನಮ್ಮ ಮೊದಲ ಮರ್ಯಾದೆ ಹೀಗೆ ಉಳಿಯಿತು.

ನೋರಾ ಅವರ ಅಡುಗೆಮನೆ

ಸುಧಾ ಬಾಡಿಗೆಗಿದ್ದದ್ದು ನೋರಾ ಎಂಬ ಹಿರಿಯರ ಮನೆಯ ಮಹಡಿಯಲ್ಲಿ. ಎಂಬತ್ತು ದಾಟಿದ, ಬೆನ್ನು ನೆಟ್ಟಗಿದ್ದ ಎತ್ತರದ ಹೆಂಗಸು. ಒಬ್ಬರೇ ಇದ್ದರು. ಅವರ ಮಾತನ್ನೆಲ್ಲ ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಇಂಗ್ಲಿಷು ಹಾಡಿದಂತೆ ಏರಿ ಇಳಿಯುತ್ತಿತ್ತು, ನನ್ನದು ಸಿಮೆಂಟು ಅಂಗಡಿಯ ಇಂಗ್ಲಿಷು. ನಡುವೆ ಸುಧಾ ಇದ್ದಳು.

ಅಲ್ಲಿ ಚಹಾ ಬೇಕೇ ಎಂದು ಕೇಳಿದರೆ ಮೊದಲು ಬೇಡ ಅನ್ನಬೇಕು. ಮತ್ತೆ ಕೇಳುತ್ತಾರೆ, ಆಗಲೂ ಬೇಡ ಅನ್ನಬೇಕು. ಮೂರನೇ ಸಲ, "ಒಂದು ತೊಟ್ಟು ಮಾತ್ರ" ಎಂದು ಒಪ್ಪಿಕೊಳ್ಳಬೇಕು. ಸುಧಾ ಇದನ್ನು ಗುಟ್ಟಾಗಿ ಹೇಳಿಕೊಟ್ಟಾಗ ಮಂಗಳ, "ಅದನ್ನೇನು ಕಲಿಸ್ತೀಯೆ, ನಮ್ಮ ಬೀಗರ ಮನಿಯಾಗೆ ಮಾಡೋದೂ ಅದೇ ಅಲ್ಲೇನು?" ಅಂದಳು. ಅವಳಿಗೂ ನೋರಾ ಅವರಿಗೂ ಮೊದಲ ದಿನವೇ ಹೊಂದಿಕೆಯಾಯಿತು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೂ ತಿಳಿಯದಿದ್ದರೂ ಇಬ್ಬರೂ ಒಲೆಯ ಹತ್ತಿರ ಕೂತು ಆಲೂಗಡ್ಡೆ ಸುಲಿಯುತ್ತಿದ್ದರು.

ನಾನು ಮನೆ ಕಟ್ಟುವವನೆಂದು ಕೇಳಿ ನೋರಾ ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ತೇವ ಹತ್ತಿದ ಗೋಡೆ ತೋರಿಸಿದರು. ಬೆರಳ ಗೆಣ್ಣಿನಿಂದ ಬಡಿದು ನೋಡಿ, ಹೊರಗಿನ ಮಣ್ಣು ಗೋಡೆಯ ಮೇಲಕ್ಕೆ ಏರಿದೆ, ಅದನ್ನು ತೆಗೆಸಿದರೆ ಸಾಕು ಎಂದೆ. "ಇಷ್ಟು ವರ್ಷ ಬಂದವರು ಬರೀ ಬಣ್ಣ ಹೊಡೆದು ಹೋದರು" ಎಂದು ಅವರು ಸಂತೋಷಪಟ್ಟರು. ನಾನು ಉಬ್ಬಿಹೋದೆ. ಊರಿನಲ್ಲಿ ಎಷ್ಟು ಮನೆ ಕಟ್ಟಿದ್ದೀರಿ ಎಂದು ಕೇಳಿದಾಗ ಕೈ ಅಗಲಿಸಿ ತೋರಿಸಿದೆ. ನಿಮ್ಮ ಮನೆಯೂ ದೊಡ್ಡದಿರಬೇಕು ಎಂದರು. ನಾನು ಇಲ್ಲ ಎನ್ನಲಿಲ್ಲ.

ಶನಿವಾರ ಅವರೇ ಹೇಳಿದರು. "ನಾಳೆ ಹಳೆಯ ಮಠ ನೋಡಿ ಬನ್ನಿ. ಪ್ರಾರ್ಥನೆ ಮುಗಿಸಿಕೊಂಡು ನಾನೂ ಬರುತ್ತೇನೆ. ಅಲ್ಲಿ ನನ್ನ ಅಣ್ಣ ಇದ್ದಾನೆ."

ಅಣ್ಣ ಎಂದಾಕ್ಷಣ ನನ್ನ ಕಣ್ಣಿಗೆ ಬಂದದ್ದು ಟೋಪಿ ಹಾಕಿದ ಒಬ್ಬ ಮುದುಕ, ಅವನ ಮೇಲೊಂದು ಕಲ್ಲಿನ ಶಿಲುಬೆ. ಸುಧಾಳೂ ಹಾಗೇ ತಿಳಿದಿದ್ದಳು. ವಿಷಯ ಬೇರೆಯಿತ್ತು. ಅದು ನನಗೆ ತಿಳಿದದ್ದು ತಡವಾಗಿ, ಆದರೆ ನಿಮಗೆ ಈಗಲೇ ಹೇಳಿಬಿಡುತ್ತೇನೆ. ನನ್ನ ಬುದ್ಧಿಗೇಡಿತನವನ್ನು ನೀವು ಮೊದಲಿನಿಂದಲೇ ನೋಡುವುದು ನ್ಯಾಯ.

ನೋರಾ ಹುಟ್ಟುವ ಮುಂಚೆ ಅವರ ತಾಯಿಗೆ ಒಂದು ಗಂಡುಮಗು ಆಗಿತ್ತು. ಹುಟ್ಟಿದ ಕೂಡಲೇ ಹೋಯಿತು. ತಲೆಗೆ ನೀರು ಹಾಕಿ ಹೆಸರಿಡುವ ಅವರ ಸಂಸ್ಕಾರ ಆಗಿರಲಿಲ್ಲ. ಸಂಸ್ಕಾರವಾಗದ ಮಗುವಿಗೆ ಚರ್ಚಿನ ಸ್ಮಶಾನದಲ್ಲಿ ಜಾಗವಿಲ್ಲ ಎಂಬುದು ಆಗಿನ ಕಾಲದ ಕಟ್ಟಳೆ. ಅಂಥ ಮಕ್ಕಳನ್ನು ತಂದೆಯಾದವನು ಯಾರೂ ಕಾಣದ ಹೊತ್ತಿನಲ್ಲಿ ಒಯ್ದು ಪಾಳು ಮಠದ ಹಿಂದೆ ಹೂಳುತ್ತಿದ್ದ. ಮಠದವರು ಹೋಗಿ ಎಷ್ಟೋ ಕಾಲವಾಗಿದ್ದರೂ ಅದೊಂದು ಪುಣ್ಯದ ನೆಲವಲ್ಲವೇ ಎಂಬ ಸಮಾಧಾನ. ಗುರುತಿಗೆ ಹೊಲದ ಒಂದು ಸಣ್ಣ ಕಲ್ಲು, ಅಷ್ಟೇ. ಅದರ ಮೇಲೆ ಅಕ್ಷರವಿಲ್ಲ. ತಾಯಿಗೆ ಹೋಗಿ ನೋಡುವ ಅಪ್ಪಣೆಯೂ ಇರುತ್ತಿರಲಿಲ್ಲ. ನೋರಾ ಹುಡುಗಿಯಾಗಿದ್ದಾಗ ಅವರ ತಾಯಿ ಒಂದು ದಿನ ಕೈ ಹಿಡಿದು ಅಲ್ಲಿಗೆ ಕರೆದೊಯ್ದು ಜಾಗ ತೋರಿಸಿದ್ದರು. ತಾಯಿ ಹೋದರು. ಉಳಿದ ಒಡಹುಟ್ಟಿದವರೂ ಹೋದರು. ಈಗ ಕಾಲ ಬದಲಾಗಿ ಪಾದ್ರಿಗಳೇ ಬಂದು ಆ ನೆಲಕ್ಕೆ ಪ್ರಾರ್ಥನೆ ಸಲ್ಲಿಸಿದ್ದರು. ಬಯಸಿದವರು ಹೆಸರಿನ ಕಲ್ಲು ಇಡಿಸಬಹುದಾಗಿತ್ತು. ನೋರಾ ಅಣ್ಣನಿಗೊಂದು ಹೆಸರು ಆರಿಸಿ, ಕಲ್ಲು ಕೆತ್ತುವವನಿಗೆ ಬರಹೇಳಿದ್ದರು. ಆತ ಅದೇ ವಾರ ಬರುವವನಿದ್ದ. ನೋರಾ ಜಾಗ ತೋರಿಸುವುದೊಂದೇ ಬಾಕಿ. ಆ ಜಾಗ ಗೊತ್ತಿದ್ದದ್ದು ಭೂಮಿಯ ಮೇಲೆ ಅವರೊಬ್ಬರಿಗೇ.

ಕುರಿ ಹೊಲದ ಗೇಟು

ಸುಧಾ ಕಾರು ಓಡಿಸಿದಳು. ಎದುರು ಬರುವ ಪ್ರತಿಯೊಂದು ಕಾರಿನವನೂ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಿದ್ದ. ಪರಿಚಯದವರೇ ಎಂದು ಕೇಳಿದೆ. "ಇಲ್ಲ ಭಾವ, ಇಲ್ಲಿ ಎಲ್ಲಾರೂ ಹಿಂಗೇ. ನಾವೂ ಎತ್ತಬೇಕು" ಎಂದಳು. ನಮ್ಮಲ್ಲಿ ಹಳೇ ದಾವಣಗೆರೆ ಕಡೆ ಸಂಜೆ ಹೊತ್ತು ಹೀಗೆ ಎಲ್ಲರಿಗೂ ಬೆರಳೆತ್ತುತ್ತ ಹೋದರೆ ಮನೆ ಸೇರುವುದು ಮಾರನೆಯ ದಿನವೇ.

ಮಠ ಇದ್ದದ್ದು ಒಬ್ಬ ರೈತನ ಹುಲ್ಲುಗಾವಲಿನ ಆಚೆ. ಕಬ್ಬಿಣದ ಗೇಟು ತೆರೆದು, ಹಿಂದೆ ಹಾಕಿಕೊಂಡು ಹೋಗಬೇಕು. ನಾನು ಹಾಕಿದೆ ಎಂದುಕೊಂಡೆ, ಕೊಂಡಿ ಬಿದ್ದಿರಲಿಲ್ಲ. ತಿರುಗಿ ನೋಡಿದರೆ ಕುರಿಗಳು ಸಾಲಾಗಿ ರಸ್ತೆಗೆ ಹೊರಟಿದ್ದವು. ಸುಧಾ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಕೈ ಬೀಸಿ ಓಡಿದೆವು. ಕುರಿಗಳು ನಮ್ಮನ್ನು ಕ್ಯಾರೇ ಅನ್ನಲಿಲ್ಲ. ಕೊನೆಗೆ ಮಂಗಳ ನಾಲಗೆ ಮಡಿಸಿ, ಭಾನುವಳ್ಳಿಯ ಕಾಲುವೆ ದಂಡೆಯ ಮೇಲೆ ಕುರಿಗಳನ್ನು ಕೂಗುವಂತೆ ಕೂಗಿದಳು. ಎಲ್ಲವೂ ತಿರುಗಿ ಒಳಗೆ ಬಂದವು. ನಾವು ಬಿದ್ದು ಬಿದ್ದು ನಕ್ಕೆವು. ಆ ದಿನ ನಾನು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಕೊನೆ.

ಗೋಪುರದ ಕೆಳಗೆ

ಅಲ್ಲಿಯವರು ಇದನ್ನು ಫ್ರಯರಿ ಎನ್ನುತ್ತಾರೆ. ಜಮೀನು ಇಟ್ಟುಕೊಂಡು ಗೋಡೆಯೊಳಗೆ ಬದುಕುವ ಸನ್ಯಾಸಿಗಳು ಬೇರೆ. ಇವರು ಊರೊಳಗೆ ಓಡಾಡಿ, ಬೋಧನೆ ಮಾಡಿ, ಮನೆ ಮನೆಯಲ್ಲಿ ಬೇಡಿ ತಿನ್ನುತ್ತಿದ್ದವರು ಎಂದು ಸುಧಾ ವಿವರಿಸಿದಳು. "ಅಂದ್ರ ನಮ್ಮ ಜಂಗಮರಿದ್ದಂಗೆ. ಜೋಳಿಗೆ ಹಿಡಕೊಂಡು ಬರ್ತಿದ್ರು ಅನ್ನು" ಎಂದಳು ಮಂಗಳ. ಅಷ್ಟು ಅರ್ಥವಾದ ಮೇಲೆ ಆ ಕಟ್ಟಡ ನಮಗೆ ಪರಕೀಯ ಅನಿಸಲಿಲ್ಲ.

ಐನೂರು ವರ್ಷಕ್ಕೂ ಹಳೆಯ ಕಟ್ಟಡ. ಚಾವಣಿ ಇಲ್ಲ, ಉಳಿದದ್ದೆಲ್ಲ ಇದೆ. ಪೂರ್ವ ಪಶ್ಚಿಮವಾಗಿ ಉದ್ದಕ್ಕೆ, ಅಗಲ ಕಡಿಮೆಯಾಗಿ ಚರ್ಚು. ಪಶ್ಚಿಮದ ಅರ್ಧದಲ್ಲಿ ಊರ ಜನ ನಿಲ್ಲುತ್ತಿದ್ದರು, ಪೂರ್ವದ ಅರ್ಧ ಸನ್ಯಾಸಿಗಳದು. ಎರಡರ ನಡುವೆ ಸಪೂರವಾದ ಒಂದು ಗೋಪುರ, ಮೇಲೆ ಹೋದಂತೆ ಚೂರು ಚೂರೇ ಒಳಕ್ಕೆ ಸರಿಯುತ್ತದೆ. ಗೋಪುರ ಆಮೇಲೆ ಸೇರಿಸಿದ್ದು ಎಂದು ನಾನು ನೋಡಿದ ಕೂಡಲೇ ಹೇಳಿದೆ. ಗೋಡೆಯ ಕಲ್ಲಿಗೂ ಅದರ ಕಲ್ಲಿಗೂ ಹೆಣಿಗೆಯಿಲ್ಲ, ಕೂಡುವಲ್ಲಿ ನೆಟ್ಟಗೆ ಒಂದು ಗೆರೆ ಇಳಿದಿದೆ. ಹಳೇ ಮನೆಗೆ ಹೊಸ ಕೋಣೆ ಸೇರಿಸಿದಾಗ ನಮ್ಮಲ್ಲೂ ಅಂಥ ಗೆರೆ ಬೀಳುತ್ತದೆ. ಮಾಲೀಕರು ಬೈಯುತ್ತಾರೆ. ಇಲ್ಲಿ ಅದನ್ನು ನೋಡಲು ಜನ ವಿಮಾನ ಹತ್ತಿ ಬರುತ್ತಾರೆ.

ಗೋಪುರದ ಕೆಳಗೆ ನಿಂತು ಕತ್ತೆತ್ತಿದವನು ಅಲ್ಲೇ ನಿಂತುಬಿಟ್ಟೆ. ಕಮಾನಿನ ಒಳಮೈ ತುಂಬ ಬುಟ್ಟಿ ಹೆಣಿಗೆಯ ಅಚ್ಚು. ನಾವು ಸ್ಲ್ಯಾಬ್ ಹಾಕುವಾಗ ಕೆಳಗೆ ಹಲಗೆ, ಶೀಟು ಕೊಟ್ಟು ಸೆಂಟ್ರಿಂಗ್ ಮಾಡುತ್ತೇವಲ್ಲ, ಅವರು ಎಳೆಯ ಕೊಂಬೆಗಳಿಂದ ತಟ್ಟಿ ಹೆಣೆದು, ಬಗ್ಗಿಸಿ ನಿಲ್ಲಿಸಿ, ಅದರ ಮೇಲೆ ಗಾರೆ ಹಾಕಿ ಕಲ್ಲು ಕೂರಿಸಿದ್ದರು. ಕೊಂಬೆಗಳು ಉದುರಿ ಹೋಗಿವೆ, ಗಾರೆಯಲ್ಲಿ ಒಂದೊಂದು ಕಡ್ಡಿಯ ಗುರುತೂ ಉಳಿದಿದೆ. ಹರಿಹರದ ದೇವಸ್ಥಾನದ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ, ಕೆಲಸ ಮಾಡಿದವನ ಒಂದು ಉಳಿ ಗುರುತೂ ಸಿಗುವುದಿಲ್ಲ. ಇಲ್ಲಿ ಕೆಲಸಗಾರ ಈಗ ತಾನೆ ಸೆಂಟ್ರಿಂಗ್ ಬಿಚ್ಚಿ ಊಟಕ್ಕೆ ಹೋದಂತಿತ್ತು. ನನಗೆ ಕಣ್ಣು ತುಂಬಿ ಬಂತು. ಕಂಟ್ರಾಕ್ಟರಿಗೆ ಇಂಥದ್ದಕ್ಕೆ ಅಳು ಬರುತ್ತದೆ ಎಂದರೆ ನಗಬೇಡಿ.

ಪೂರ್ವದ ಗೋಡೆಯಲ್ಲಿ ಆಳೆತ್ತರಕ್ಕೂ ಮೀರಿದ ಕಿಟಕಿ. ಗಾಜು ಹೋಗಿದೆ, ಕಲ್ಲಿನ ಜಾಲರಿ ಉಳಿದು ಅದರಾಚೆ ಮೋಡ ಓಡುತ್ತಿತ್ತು. ಉತ್ತರಕ್ಕೆ ಸಣ್ಣ ಅಂಗಳ, ಸುತ್ತಲೂ ಗಿಡ್ಡ ಕಮಾನುಗಳ ಪಡಸಾಲೆ. ಅದರಾಚೆ ಅಡುಗೆಮನೆ, ನೆಲದಲ್ಲೇ ಮೀನು ಇಟ್ಟುಕೊಳ್ಳುವ ಕಲ್ಲಿನ ತೊಟ್ಟಿ. ಇಂಗ್ಲೆಂಡಿನ ರಾಜ ರೋಮಿನ ಪೋಪನೊಂದಿಗೆ ಜಗಳ ಮಾಡಿಕೊಂಡು ಇಂಥ ಮಠಗಳನ್ನೆಲ್ಲ ಕಿತ್ತುಕೊಂಡನಂತೆ. ಸೈನಿಕರು ಬಂದಾಗ ಸನ್ಯಾಸಿಗಳು ಓಡುವುದು, ಅವರು ಹೋದ ಮೇಲೆ ಇವರು ಮೆಲ್ಲಗೆ ಬಂದು ಒಲೆ ಹೊತ್ತಿಸುವುದು, ಹೀಗೇ ತಲೆಮಾರುಗಟ್ಟಲೆ ನಡೆಯಿತಂತೆ. ಕೊನೆಗೊಂದು ಸಲ ಬರುವವರೇ ಇಲ್ಲವಾದರು. ಚಾವಣಿ ಬಿತ್ತು, ಕಾಗೆಯಂಥ ಹಕ್ಕಿಗಳು ಗೂಡು ಕಟ್ಟಿದವು.

ಸನ್ಯಾಸಿಗಳು ಹೋದರೂ ಊರವರು ತಮ್ಮ ಸತ್ತವರನ್ನು ಅಲ್ಲಿಗೇ ತರುವುದನ್ನು ಬಿಟ್ಟಿಲ್ಲ. ಚರ್ಚಿನ ನೆಲವೆಲ್ಲ ಸಮಾಧಿ ಕಲ್ಲು. ನಾವೂ ಹೂಳುವ ಪದ್ಧತಿಯವರೇ, ನಮಗೆ ಗದ್ದುಗೆ, ಸಮಾಧಿ ಹೊಸದಲ್ಲ. ಆದರೂ ಹೆಸರಿನ ಮೇಲೆ ಕಾಲಿಡುವುದು ಹೇಗೆ ಎಂದು ಮಂಗಳ ಸೀರೆ ಎತ್ತಿ ಹಿಡಿದು ಅಂಚಿನಲ್ಲೇ ನಡೆದಳು. ನಾನು ಒಂದೊಂದು ಕಲ್ಲಿನ ಮುಂದೂ ಬಗ್ಗಿ, ನೋರಾ ಅವರ ಮನೆತನದ ಹೆಸರು ಹುಡುಕಿದೆ. ಸಿಕ್ಕರೆ ಅವರ ಅಣ್ಣನಿಗೆ ಕೈ ಮುಗಿಯೋಣ ಎಂದು. ಒಂದು ದೊಡ್ಡ ಶಿಲುಬೆಯ ಮೇಲೆ ಆ ಹೆಸರು ಸಿಕ್ಕಿತು. ಕೈ ಮುಗಿದೆ. ಯಾರಿಗೆ ಮುಗಿದೆನೋ ತಿಳಿಯದು.

ಉತ್ತರದ ಗೋಡೆಯಾಚೆ

ಅಡುಗೆಮನೆಯ ಮುರಿದ ಬಾಗಿಲಿನಿಂದ ಹೊರಬಿದ್ದರೆ ಮಠದ ಹಿಂಬದಿ. ಬಿಸಿಲು ಬಾರದ, ಗಾಳಿ ತಗಲದ ಹುಲ್ಲು ನೆಲ. ಅಲ್ಲಿ ಕೂತು ಮಂಡಕ್ಕಿ ತಿಂದೆವು. ಸುಧಾ ಫೋನಿನಲ್ಲಿ ಮಾತಾಡುತ್ತ ಒಳಗೆ ಹೋದಳು. ಮಂಗಳ ಗೋಡೆಯಿಂದ ಉದುರಿ ಬಿದ್ದಿದ್ದ ಚೂರುಗಳಲ್ಲಿ ಮೂರನ್ನು ಆರಿಸಿ, ಎರಡನ್ನು ನಿಲ್ಲಿಸಿ, ಒಂದನ್ನು ಮೇಲೆ ಅಡ್ಡವಿಟ್ಟು ಕಣ್ಣು ಮುಚ್ಚಿದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಟ್ಟದ ದೇವರಿಗೆ ಹೋದವರು ದಾರಿ ಬದಿಯಲ್ಲಿ ಕಲ್ಲ ಮೇಲೆ ಕಲ್ಲಿಟ್ಟು, ನಮಗೂ ಒಂದು ಮನೆ ಆಗಲಪ್ಪ ಎಂದು ಬೇಡಿಕೊಳ್ಳುತ್ತಾರೆ. ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ಕೆಡವುವುದಿಲ್ಲ. ಮಂಗಳ ಹೋದ ಬೆಟ್ಟದಲ್ಲೆಲ್ಲ ಇಟ್ಟು ಬಂದಿದ್ದಾಳೆ. ನಾನು ಸದಾ ಗೇಲಿ ಮಾಡಿದ್ದೇನೆ.

"ಇದೇನು ಮನೀನೋ, ನಾಯಿ ಗೂಡೋ?" ಎಂದೆ.

"ನಿಮಗೇನು ಗೊತ್ರಿ, ನೀವು ಮಂದಿ ಮನಿ ಕಟ್ಟೋರು" ಎಂದಳು.

ಮಾತು ನಾಟಿತು. ಇವತ್ತು ಇವಳಿಗೆ ಮನೆ ಎಂದರೆ ಏನೆಂದು ತೋರಿಸಿಯೇ ಬಿಡೋಣ ಎಂಬ ಹುಮ್ಮಸ್ಸು ಬಂತು. ಗೋಡೆಯ ಚೂರುಗಳು ನನ್ನ ಕೆಲಸಕ್ಕೆ ಬರುವಂತಿರಲಿಲ್ಲ, ಪುಡಿ ಪುಡಿ. ಹುಲ್ಲಿನ ನಡುವೆ ಗೇಣುದ್ದದ ಒಳ್ಳೆಯ ಕಲ್ಲುಗಳು ಅರ್ಧ ಹೂತುಕೊಂಡು ಕಾಣುತ್ತಿದ್ದವು. ಬೂಟಿನ ಹಿಮ್ಮಡಿಯಿಂದ ಒದ್ದರೆ ಸಡಿಲವಾಗಿ ಬರುತ್ತಿದ್ದವು. ಒಂದೊಂದನ್ನೇ ಕಿತ್ತು ತಂದೆ.

ಮಂಗಳ ನೋಡುತ್ತ ನಿಂತವಳು, "ಯಾಕೋ ಇವು ಸಾಲಾಗಿ ಅದಾವಲ್ರಿ. ಯಾರಾದ್ರೂ ಇಟ್ಟಿದ್ರೆ? ಬ್ಯಾಡ ಬಿಡ್ರಿ" ಎಂದಳು.

"ಕುರಿ ಕಾಯೋರು ಇಟ್ಟಿರ್ತಾರೆ. ಸುಮ್ನಿರು" ಎಂದೆ.

ಈ ಮಾತು ನೆನೆದಾಗಲೆಲ್ಲ ಕಿವಿ ಬಿಸಿಯಾಗುತ್ತದೆ. ಯಾಕೆಂದರೆ ನನಗೆ ತಿಳಿಯಬೇಕಿತ್ತು. ಭಾನುವಳ್ಳಿಯಂಥ ಊರುಗಳಲ್ಲಿ ಪಾಯ ತೋಡುವಾಗ ಹಿರಿಯರು ಬಂದು, "ಆ ಮೂಲಿ ಬಿಟ್ಟು ತಗೀರಿ, ಅಲ್ಲಿ ಕೂಸುಗಳನ್ನ ಇಟ್ಟೈತೆ" ಎಂದು ಹೇಳಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳಿ ಆ ಮೂಲೆ ಬಿಟ್ಟಿದ್ದೇನೆ. ಅಲ್ಲಿಯೂ ಹೀಗೆಯೇ ಸಣ್ಣ ಕಲ್ಲು, ಹೀಗೆಯೇ ಬರಹವಿಲ್ಲದ್ದು. ನಮ್ಮ ಊರಿನಲ್ಲಾದರೆ ಗುರುತಿಸುತ್ತಿದ್ದವನು, ಪರದೇಶದಲ್ಲಿ ಹೆಸರು ಕೆತ್ತಿದ್ದು ಮಾತ್ರ ಸಮಾಧಿ ಎಂದುಕೊಂಡೆ.

ಗೋಡೆಯ ಪಕ್ಕ ಒಳ್ಳೆಯ ಜಾಗ ನೋಡಿದೆ. ಅಲ್ಲೂ ಎರಡು ಕಲ್ಲುಗಳಿದ್ದವು, ಒಂದು ಪೂರ್ತಿ ಕಪ್ಪು, ಇನ್ನೊಂದರ ಮೈಮೇಲೆ ಅಡ್ಡಡ್ಡವಾಗಿ ಒಂದು ಬಿಳಿ ಗೆರೆ. ಎರಡನ್ನೂ ಎತ್ತಿದೆ. ಕೆಳಗೆ ಉಳಿದ ಗುಂಡಿಗಳಿಗೆ ಮಣ್ಣು ದಬ್ಬಿ, ಹುಲ್ಲಿನ ಹೆಂಟೆ ತುಂಬಿ, ಎರಡೂ ಕಾಲಿನಿಂದ ತುಳಿದು ಸಮ ಮಾಡಿದೆ. ನೆಲ ಸಮ ಮಾಡದೆ ನಾನು ಯಾವ ಕೆಲಸವನ್ನೂ ಎತ್ತಿಕೊಂಡವನಲ್ಲ. ಅದರ ಮೇಲೆ ಗೋಡೆ, ಬಾಗಿಲು, ಮಹಡಿ, ಎಲ್ಲ ಎಬ್ಬಿಸಿದೆ. ಬಿಳಿ ಗೆರೆಯ ಕಲ್ಲು ಅಂದವಾಗಿತ್ತು. ಅದನ್ನು ಎಲ್ಲಕ್ಕಿಂತ ಮೇಲೆ ಕಳಸದ ಹಾಗೆ ಕೂರಿಸಿದೆ. ಮಂಗಳ ನಿಜವಾಗಿ ನಕ್ಕಳು. "ಗೃಹಪ್ರವೇಶಕ್ಕೆ ಯಾರ‍್ಯಾರನ್ನ ಕರೀಬೇಕ್ರಿ?" ಎಂದಳು. ನಾನು ಫೋಟೋ ತೆಗೆದೆ.

ನೋರಾ ಬಂದರು

ಅವರು ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ತಮ್ಮ ತೋಟದ ಹೂವು ಹಿಡಿದು ಮುರಿದ ಬಾಗಿಲಿನಿಂದ ಇಳಿದರು, ಸುಧಾ ಅವರ ತೋಳು ಹಿಡಿದಿದ್ದಳು. ನಾನು ನನ್ನ ಮನೆಯನ್ನು ತೋರಿಸಲು ಎರಡು ಹೆಜ್ಜೆ ಮುಂದೆ ಹೋದೆ.

ನೋರಾ ನನ್ನನ್ನು ನೋಡಲಿಲ್ಲ. ನೆಲ ನೋಡಿದರು. ಹುಲ್ಲಿನಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಗುಂಡಿ ಬಾಯಿ ತೆರೆದಿತ್ತು. ಗೋಡೆಯ ಬದಿಗೆ ನೋಡಿದರು. ಆಮೇಲೆ ನಾನು ಕಟ್ಟಿದ್ದರ ತುದಿಯಲ್ಲಿದ್ದ ಬಿಳಿ ಗೆರೆಯ ಕಲ್ಲನ್ನು ನೋಡಿದರು. ಫ್ಲಾಸ್ಕು ಕೆಳಗಿಟ್ಟು ಗೋಡೆ ಹಿಡಿದುಕೊಂಡರು.

ಈ ಕಲ್ಲುಗಳ ಕೆಳಗೆ ಮಕ್ಕಳಿವೆ, ಅವುಗಳಲ್ಲೊಂದು ನನ್ನ ಅಣ್ಣ ಎಂದು ಅವರು ಮೆಲ್ಲಗೆ ಹೇಳಿದ್ದನ್ನು ಸುಧಾ ಕನ್ನಡಕ್ಕೆ ತಿರುಗಿಸುತ್ತ ಅಳತೊಡಗಿದಳು. ಮಂಗಳನ ಕೈ ಬಾಯಿಗೆ ಹೋಯಿತು. ನಾನು ಏನು ಹೇಳಿದೆ ಗೊತ್ತೇ? "ಇಲ್ಲಿ ಬೋರ್ಡ್ ಇರಲಿಲ್ಲ" ಎಂದೆ. ಇಂಗ್ಲಿಷಿನಲ್ಲೇ ಹೇಳಿದೆ, ನೇರವಾಗಿ ಅವರಿಗೇ ತಿಳಿಯಲಿ ಎಂದು.

"ಬೋರ್ಡ್ ಇರಬಾರದು ಎಂದೇ ಇಲ್ಲಿಗೆ ತರುತ್ತಿದ್ದರು" ಎಂದರು ನೋರಾ.

ಬೈದಿದ್ದರೆ ಚೆನ್ನಾಗಿತ್ತು. ನನ್ನ ಸೈಟಿನಲ್ಲಿ ಕೂಲಿಯವನು ಒಂದು ಇಟ್ಟಿಗೆ ತಪ್ಪಿಟ್ಟರೆ ನಾನು ಊರು ಕೇಳುವಂತೆ ಕೂಗುತ್ತೇನೆ. ಅವರು, ಇದೇನು ಕಟ್ಟಿದ್ದು ಎಂದು ಕೇಳಿದರು. ಸುಧಾ ಮೂಗು ಒರೆಸಿಕೊಳ್ಳುತ್ತ ಎಲ್ಲ ಹೇಳಿದಳು. ಇವರಿಗೆ ಸ್ವಂತ ಮನೆಯಿಲ್ಲ, ನಮ್ಮಲ್ಲಿ ದೇವರ ಹತ್ತಿರ ಮನೆ ಕೇಳುವುದು ಹೀಗೆ, ಕಟ್ಟಿದ್ದನ್ನು ಕೆಡವುವುದು ಒಳ್ಳೆಯದಲ್ಲ ಎಂಬ ನಂಬಿಕೆಯಿದೆ ಎಂದಳು. ನಾನು ಅವರ ಅಡುಗೆಮನೆಯಲ್ಲಿ ಹೇಳದೆ ಉಳಿಸಿಕೊಂಡದ್ದೂ ಹೀಗೆ ಹೊರಬಿತ್ತು. ಅವರು ನನ್ನ ಕಡೆ ಒಮ್ಮೆ ತಿರುಗಿ ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ, ಅದಕ್ಕೇ ತಲೆ ತಗ್ಗಿಸಿದೆ.

"ಹಾಗಾದರೆ ಕೆಡವಬೇಡಿ. ಇರಲಿ. ಅಣ್ಣ ಇಷ್ಟು ವರ್ಷ ತಡೆದಿದ್ದಾನೆ" ಎಂದರು.

ಆಗ ಮಂಗಳ ಮುಂದೆ ಬಂದಳು. ಕಾಲಿನ ಚಪ್ಪಲಿ ಬಿಟ್ಟಿದ್ದಳು. "ಬ್ಯಾಡಮ್ಮ" ಎಂದಳು, ಕನ್ನಡದಲ್ಲೇ. "ತಾಯಂದಿರ ಹೊಟ್ಟಿ ಉರಿದು ಇಟ್ಟ ಕಲ್ಲು ಇವು. ಇವನ್ನ ಕಿತ್ತು ಕಟ್ಟಿದ ಮನಿಯಾಗೆ ನಾ ಹೆಂಗೆ ಇರ್ಲಿ? ನಂಗೆ ಬ್ಯಾಡ ಈ ಮನಿ." ತುದಿಯ ಬಿಳಿ ಗೆರೆಯ ಕಲ್ಲನ್ನು ಎರಡೂ ಕೈಯಿಂದ ಎತ್ತಿ, ಸೆರಗಿನಲ್ಲಿ ಮಣ್ಣು ಒರೆಸಿ ನೋರಾ ಅವರ ಕೈಗೆ ಕೊಟ್ಟಳು. ಅವರು ಅದನ್ನು ಎದೆಗೆ ಅವಚಿಕೊಂಡು ನಿಂತರು. ಮಂಗಳ ಒಂದೊಂದೇ ಕಲ್ಲು ಬಿಚ್ಚತೊಡಗಿದಳು. ಮೊದಲು ಮಹಡಿ, ಆಮೇಲೆ ಬಾಗಿಲು, ಆಮೇಲೆ ಗೋಡೆ. ಕೊನೆಗೆ ತಾನು ಕಟ್ಟಿದ್ದ ಮೂರು ಚೂರುಗಳ ಮನೆಯನ್ನೂ ಕೆಡವಿದಳು. ಅದರಲ್ಲಿ ಯಾರ ಕಲ್ಲೂ ಇರಲಿಲ್ಲ.

ಹನಿ ಶುರುವಾಯಿತು. ಮೊಣಕಾಲೂರಿ ಒಂದೊಂದು ಕಲ್ಲನ್ನೂ ಅದರದರ ಗುಂಡಿಗೆ ಸೇರಿಸಿದೆವು. ಬಹಳ ಕಾಲ ಹೂತಿದ್ದ ಕಲ್ಲಿನ ಮೈಮೇಲೆ ಮಣ್ಣಿನ ಗೆರೆ ನಿಂತಿರುತ್ತದೆ, ಗುಂಡಿಯ ಅಂಚು ಅದಕ್ಕೆ ತಾಳೆಯಾಗುತ್ತದೆ. ಕೂತರೆ ಸರಿಯಾಗಿ ಕೂರುತ್ತದೆ, ಇಲ್ಲವಾದರೆ ಅಲುಗುತ್ತದೆ. ಹುಲ್ಲಿನ ನಡುವಿನವೆಲ್ಲ ಹೀಗೆ ಕೂತವು. ಉಳಿದದ್ದು ಗೋಡೆಯ ಪಕ್ಕದ ಎರಡು. ಅಲ್ಲಿ ಗುಂಡಿಯೇ ಇರಲಿಲ್ಲ, ನಾನು ಮುಚ್ಚಿ ತುಳಿದಿದ್ದೆ. ಬೆರಳಿನಿಂದ ಕೆದಕಿದೆ. ಸಡಿಲ ಮಣ್ಣು ಸಿಕ್ಕಿತು, ಒಂದಲ್ಲ ಎರಡು ಕಡೆ, ಎರಡು ಮೊಳದ ಅಂತರದಲ್ಲಿ. ಅಂಚು ಮಾತ್ರ ಎರಡಕ್ಕೂ ಉಳಿದಿರಲಿಲ್ಲ. ಬಿಳಿ ಗೆರೆಯ ಕಲ್ಲು ಎರಡರಲ್ಲೂ ಕೂತಿತು. ಕಪ್ಪು ಕಲ್ಲೂ ಎರಡರಲ್ಲೂ ಕೂತಿತು.

ಯಾವುದು ಎಲ್ಲಿತ್ತು ಎಂದು ಸುಧಾ ನನ್ನನ್ನು ಕೇಳಿದಳು. ನಾನು ಎತ್ತಿದವನು, ನನಗೆ ನೆನಪಿರಲಿಲ್ಲ. ತೆಗೆದ ಫೋಟೋ ನೋಡಿದೆ. ಅದರಲ್ಲಿ ಮನೆ ಮಾತ್ರ ಇತ್ತು.

ನೋರಾ ಅತ್ತ ನಿಂತರು, ಇತ್ತ ನಿಂತರು. ಮುರಿದ ಬಾಗಿಲಿಗೆ ಹೋಗಿ ಅಲ್ಲಿಂದ ನೋಡಿದರು. "ಅಮ್ಮ ತೋರಿಸಿದಾಗ ನಾನು ಅವಳ ಮುಖ ನೋಡುತ್ತಿದ್ದೆ. ಆಮೇಲೆಲ್ಲ ಈ ಕಲ್ಲು ನೋಡಿಯೇ ಜಾಗ ಹಿಡಿಯುತ್ತಿದ್ದೆ" ಎಂದರು. ಹೂವನ್ನು ಎರಡು ಪಾಲು ಮಾಡಿ ಎರಡೂ ಕಡೆ ಇಟ್ಟರು. ಫ್ಲಾಸ್ಕು ತೆರೆದು ನಮಗೆಲ್ಲ ಚಹಾ ಸುರಿದುಕೊಟ್ಟರು. ಯಾರೂ ಬೇಡ ಎನ್ನಲಿಲ್ಲ. ನಾನು ಕ್ಷಮಿಸಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದೆ, ಅವರು ಪ್ರತಿ ಸಲ ಪರವಾಗಿಲ್ಲ ಎನ್ನುತ್ತಿದ್ದರು. ಕಡೆಗೆ ಸುಧಾ, "ಸಾಕು ಭಾವ. ನೀವು ಹೇಳ್ದಂಗೆಲ್ಲ ಅವ್ರು ನಿಮ್ಗೆ ಸಮಾಧಾನ ಮಾಡಬೇಕಾಗ್ತೈತೆ" ಎಂದಳು. ಅದು ನನಗೆ ಹೊಳೆದಿರಲಿಲ್ಲ.

ಮತ್ತೆ ನಿಟ್ಟುವಳ್ಳಿ

ಉಳಿದ ದಿನಗಳಲ್ಲಿ ಸಮುದ್ರ ನೋಡಿದೆವು, ಬಂಡೆ ನೋಡಿದೆವು. ನನಗೆ ಏನೂ ನೆನಪಿಲ್ಲ. ನೋರಾ ಅವರ ಮನೆಯ ಹಿಂದಿನ ಗೋಡೆಯ ಮಣ್ಣನ್ನು ಸಲಿಕೆ ಹಿಡಿದು ನಾನೇ ತೋಡಿ ತೆಗೆದೆ. ಅವರು ಕಿಟಕಿಯಿಂದ ನೋಡಿ, ಬಹಳ ಚೆನ್ನಾಯಿತು ಎಂದರು. ಗೋಡೆ ಒಣಗಬಹುದು. ಅದರಿಂದ ನನ್ನ ಲೆಕ್ಕ ಚುಕ್ತಾ ಆಗುವುದಿಲ್ಲ ಎಂದು ಸಲಿಕೆ ಹಿಡಿದಾಗಲೇ ಗೊತ್ತಿತ್ತು. ಹೊರಡುವ ದಿನ ಅವರು ಮಂಗಳನನ್ನು ತಬ್ಬಿಕೊಂಡು ಕಿವಿಯಲ್ಲಿ ಏನೋ ಹೇಳಿದರು. ನನ್ನ ಕೈ ಕುಲುಕಿದರು.

ಊರಿಗೆ ಬಂದ ಮೇಲೆ ಸುಧಾ ಫೋನ್ ಮಾಡಿದಾಗ, ಕಲ್ಲು ಕೆತ್ತುವವನು ಬಂದನೇ ಎಂದು ಕೇಳಿದೆ. ಬಂದಿದ್ದನಂತೆ. ನೋರಾ ಅವನಿಗೆ ಚಹಾ ಕೊಟ್ಟು, ಕೆಲಸ ಬೇಡ ಎಂದು ಹೇಳಿ ಕಳಿಸಿದರಂತೆ. ಎರಡರಲ್ಲಿ ಒಂದು ಕಡೆ ಇಡಿಸಿಬಿಡಿ ಎಂದು ಸುಧಾ ಹೇಳಿದ್ದಕ್ಕೆ ಒಪ್ಪಲಿಲ್ಲವಂತೆ. "ಅದು ಇನ್ನೊಬ್ಬಳ ಮಗುವಾಗಿದ್ದರೆ? ಅದರ ಮೇಲೆ ನಮ್ಮ ಹೆಸರು ಹೊರಿಸಲು ನನಗೇನು ಹಕ್ಕು?" ಎಂದರಂತೆ.

ನಾವು ಬಾಡಿಗೆ ಮನೆಯಲ್ಲೇ ಇದ್ದೇವೆ. ಮೊನ್ನೆ ಬೆಟ್ಟಕ್ಕೆ ಹೋದಾಗ ಮಂಗಳ ದಾರಿ ಬದಿಯ ಕಲ್ಲಿನ ಮನೆಗಳನ್ನು ಬಳಸಿ, ಸೆರಗು ತಾಕದಂತೆ ಹಿಡಿದುಕೊಂಡು ಹತ್ತಿದಳು. ಒಂದನ್ನೂ ಇಡಲಿಲ್ಲ. ಚುಚ್ಚುವುದನ್ನೂ ಬಿಟ್ಟಿದ್ದಾಳೆ, ಅದು ನನಗೆ ಹೆಚ್ಚು ನೋಯುತ್ತದೆ.

ಆ ದಿನ ನೋರಾ ಕಿವಿಯಲ್ಲಿ ಏನು ಹೇಳಿದರು ಎಂದು ನಾನು ಕೇಳಿರಲಿಲ್ಲ, ಕೇಳಲು ಮುಖವಿರಲಿಲ್ಲ. ಇದನ್ನು ಬರೆಯಲು ಕೂತಾಗ ಅವಳೇ ಬಂದು ಹೇಳಿದಳು. ಹುಡುಗನ ಹೆಸರಂತೆ. ತಮ್ಮ ಊರಿನಲ್ಲಿ ಬೇರೆ ಯಾರಿಗೂ ಅವರು ಅದನ್ನು ಇನ್ನೂ ಹೇಳಿರಲಿಲ್ಲ, ಕಲ್ಲಿನ ಮೇಲೆ ಬಂದ ಮೇಲೆ ಎಲ್ಲರೂ ಓದಲಿ ಎಂದಿದ್ದರು. ಅಲ್ಲಿ ಬರೆಸಲಾಗದಂತೆ ಮಾಡಿದವನು ನಾನು. ಇಲ್ಲಿ ಬರೆಯಲೇ ಎಂದು ಸುಧಾಳ ಮೂಲಕ ಕೇಳಿಸಿದೆ. ನೋರಾ ಆಗಲಿ ಎಂದರು.

ಹುಡುಗನ ಹೆಸರು ಮಾರ್ಟಿನ್.